ಕಣಕಾಲಿನ ಅಸಹಕಾರ

ಮೊನ್ನೆ ಫ್ರಿಜ್ಜಿನ ಹಿಮ ಕರಗಿಸಿ ಒರೆಸುವಾಗ ಬಟಾಣಿ ಪೊಟ್ಟಣದ ಹಿಂದುಗಡೆಯಿಂದ ಒಂದು ತೆಂಗಿನ ಚಿಪ್ಪು ಹೊರಬಂತು. ಅರ್ಧ ಚಿಪ್ಪು, ಅದರ ತುಂಬ ಕಲ್ಲಿನಂತೆ ಹೆಪ್ಪುಗಟ್ಟಿದ ನೀರು. ನನ್ನ ಹೆಂಡತಿ ಗಿರಿಜಾ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದು, ನಾನು ಪೇಪರ್ ಓದುತ್ತಿದ್ದ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಇಟ್ಟಳು.

"ನಿಮ್ಮ ಆಸ್ತಿ," ಅಂದಳು. "ಇಟ್ಕೊಳ್ಳೋದೋ, ಗಿಡಕ್ಕೆ ಹಾಕೋದೋ?"

"ಇರಲಿ ಇಡು."

"ಅಂದ್ರೆ ಇನ್ನೂ ಓಡೋ ಯೋಚನೆ ಐತೆ ಅನ್ನಿ."

ನಾನು ಪೇಪರನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದೆ. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಕಲಿತಿರುವ ಉತ್ತರಗಳಲ್ಲಿ ಇದೇ ಅತ್ಯಂತ ಸುರಕ್ಷಿತವಾದದ್ದು. ಆದರೆ ಓದುವುದು ಅಲ್ಲಿಗೇ ನಿಂತಿತು. ಚಿಪ್ಪಿನ ಅಂಚಿನಿಂದ ನೀರು ತೊಟ್ಟಿಕ್ಕುತ್ತಿತ್ತು. ನನ್ನ ಎಡಗಾಲು ಅದನ್ನು ಕಂಡು ತನ್ನಷ್ಟಕ್ಕೆ ತಾನೇ ಕುರ್ಚಿಯ ಕೆಳಗೆ ಸರಿಯಿತು.

ಮನುಷ್ಯನ ದೇಹದಲ್ಲಿ ಕಣಕಾಲಿನಷ್ಟು ದಿಕ್ಕಿಲ್ಲದ ಭಾಗ ಇನ್ನೊಂದಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಪಾದಕ್ಕೆ ನಮಸ್ಕಾರ ಉಂಟು. ಬೆರಳಿಗೆ ಕಾಲುಂಗುರ, ಗಂಟಿಗೆ ಗೆಜ್ಜೆ. ಮೇಲೆ ಹೋದರೆ ಮಂಡಿ, ದೇವರ ಮುಂದೆ ಊರುವುದಕ್ಕೆ. ತೊಡೆ, ಪೈಲ್ವಾನರು ತಟ್ಟುವುದಕ್ಕೆ. ಇವೆರಡರ ನಡುವೆ, ಮೊಣಕಾಲಿನಿಂದ ಪಾದದ ಗಂಟಿನವರೆಗೆ ಮುಂದುಗಡೆ ನೇರ ಇಳಿಯುವ ಈ ಮೂಳೆಗೆ ಆಭರಣವಿಲ್ಲ, ಪೂಜೆಯಿಲ್ಲ, ಕೊನೆಗೆ ಒಂದಿಷ್ಟು ಮಾಂಸದ ಹೊದಿಕೆಯೂ ಇಲ್ಲ. ಮಂಚದ ತುದಿಗೆ ತಾಕಿದಾಗ ಮಾತ್ರ ಅದು ಇದೆಯೆಂದು ನಮಗೆ ನೆನಪಾಗುತ್ತದೆ. ಐವತ್ತಾರು ವರ್ಷ ಕಡೆಗಣಿಸಿದ್ದಕ್ಕೆ ನನ್ನ ಕಣಕಾಲು ಸೇಡು ತೀರಿಸಿಕೊಂಡ ಕಥೆ ಇದು.

ಚಿಕ್ಕಂದಿನಲ್ಲೇ ಅದು ಎಚ್ಚರಿಕೆ ಕೊಟ್ಟಿತ್ತು ಅನ್ನಿ. ಬಿಳಿಗೆರೆಯ ನಮ್ಮ ಮನೆಯಲ್ಲಿ ಅಟ್ಟಕ್ಕೆ ಹತ್ತುವ ಏಣಿಯ ನಾಲ್ಕನೇ ಮೆಟ್ಟಿಲು ಮುರಿದಿತ್ತು. ಅಪ್ಪ ಅದನ್ನು ರಿಪೇರಿ ಮಾಡಿಸಲಿಲ್ಲ. "ನೋಡ್ಕಂಡು ಹತ್ತಿದ್ರೆ ಆಯ್ತಪ್ಪ" ಎನ್ನುವುದು ಅವರ ಲೋಕೋಪಯೋಗಿ ನೀತಿ. ನಾನು ನೋಡಿಕೊಂಡು ಹತ್ತುತ್ತಿರಲಿಲ್ಲ. ಹಾಗಾಗಿ ಎರಡು ಕಾಲಿನ ಮುಂಭಾಗದಲ್ಲೂ ಸದಾ ಒಂದು ಹಸಿ ಗಾಯ, ಒಂದು ಒಣಗುತ್ತಿರುವ ಗಾಯ ಇರುತ್ತಿದ್ದವು.

ಅಟ್ಟದ ಮೇಲೆ ಕಾಯಿ. ನಮ್ಮ ಕಡೆ ಕೊಬ್ಬರಿ ಆಗುವುದು ಬಿಸಿಲಲ್ಲಲ್ಲ, ಅಟ್ಟದ ಕತ್ತಲಲ್ಲಿ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಏರಿಸಿದರೆ ಹನ್ನೊಂದು ತಿಂಗಳು ಅದರ ತಂಟೆಗೆ ಹೋಗುವ ಹಾಗಿಲ್ಲ. ಒಳಗಿನ ನೀರು ತಾನಾಗಿ ಹಿಂಗಬೇಕು. ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು ಉಂಡೆಯಾಗಿ, ಅಲ್ಲಾಡಿಸಿದರೆ ಒಳಗೆ ಗಡಗಡ ಎನ್ನಬೇಕು. ಅವಸರಪಟ್ಟು ಹಸಿ ಇರುವಾಗಲೇ ಒಡೆದರೆ ಬೂಷ್ಟು ಹಿಡಿಯುತ್ತದೆ, ವರ್ಷದ ಕಾಯುವಿಕೆ ತಿಪ್ಪೆಗೆ. ಆದ್ದರಿಂದ ಪ್ರತಿ ಕಾಯಿಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಕೇಳುವುದು ಹುಡುಗರಾದ ನಮ್ಮ ಕೆಲಸ. ನನಗೆ ಎಲ್ಲ ಕಾಯಿಯೂ ಒಂದೇ ಥರ ಕೇಳುತ್ತಿತ್ತು. ನನ್ನ ಜೊತೆ ಹತ್ತುತ್ತಿದ್ದ ಪಕ್ಕದ ಮನೆಯ ರೇಣುಕ ಮಾತ್ರ ಕಣ್ಣು ಮುಚ್ಚಿಕೊಂಡು, "ಇದಾಗೈತೆ. ಇದಕ್ಕಿನ್ನೂ ಹದಿನೈದು ದಿನ. ಇದು ಒಳಗೇ ಕೆಟ್ಟೈತೆ, ಪಕ್ಕಕ್ಕಿಡು" ಎಂದು ವೈದ್ಯರಂತೆ ಹೇಳಿಕೊಂಡು ಹೋಗುತ್ತಿದ್ದ. ಅಪ್ಪ ಒಡೆದು ನೋಡಿದರೆ ಹಾಗೇ ಇರುತ್ತಿತ್ತು.

ನಾನು ದೊಡ್ಡವನಾಗಿ ತಿಪಟೂರಿನಲ್ಲಿ ಪಂಪ್‌ಸೆಟ್ ಬಿಡಿಭಾಗಗಳ ಅಂಗಡಿ ಇಟ್ಟೆ. ರೇಣುಕ ಕೊಬ್ಬರಿ ಮಂಡಿಯಲ್ಲಿ ಉಂಡೆ ವಿಂಗಡಿಸುವ ಕೆಲಸಕ್ಕೆ ಸೇರಿ, ಮೂವತ್ತು ವರ್ಷ ಅದೇ ಕಿವಿಯಿಂದ ಬದುಕಿದ. ಆರು ವರ್ಷದ ಹಿಂದೆ ಸಕ್ಕರೆ ಕಾಯಿಲೆ ಅವನ ಎರಡೂ ಕಣ್ಣನ್ನು ತೆಗೆದುಕೊಂಡಿತು. ಕಣ್ಣು ಹೋದ ಮೇಲೆ ಕಿವಿ ಚುರುಕಾಯಿತು ಎಂದು ಊರವರು ಹೇಳುವುದುಂಟು. ಅದು ಸುಳ್ಳು. ಅವನ ಕಿವಿ ಮೊದಲಿನಿಂದಲೂ ಹಾಗೇ ಇತ್ತು; ಊರಿಗೆ ಈಗ ಕಾಣಿಸಿತು ಅಷ್ಟೆ.

ಮೂರು ವರ್ಷದ ಹಿಂದೆ ಡಾಕ್ಟರು ಅವನಿಗೆ ದಿನಾ ನಡೆಯಬೇಕೆಂದರು. ಜೊತೆಗೆ ನಾನು ಹೊರಟೆ. ಬೆಳಕು ಬಿಟ್ಟ ಮೇಲೆ ಕೆರೆ ಏರಿಯ ಮೇಲೆ ಅತ್ತಲಿಂದಿತ್ತ ಎರಡು ಸುತ್ತು. ಹೀಗೆ ಒಂದು ವರ್ಷ ನಡೆದ ಮೇಲೆ ಒಂದು ದಿನ ರೇಣುಕ ಏರಿಯ ಮಧ್ಯೆ ನಿಂತುಬಿಟ್ಟ.

"ನಡೆದೂ ನಡೆದೂ ಸಾಕಾಯ್ತು ಕಣ್ಲಾ. ಓಡಾನ."

"ಓಡೋದಾ? ನಿನಗೆ ಕಣ್ಣಿಲ್ಲ, ನನಗೆ ಉಸಿರಿಲ್ಲ."

"ಸರಿಹೋಯ್ತಲ್ಲ. ನಿನ್ನ ಕಣ್ಣು, ನನ್ನ ಉಸಿರು. ಒಬ್ಬ ಪೂರ್ತಿ ಮನುಷ್ಯ ಆಯ್ತು ಬುಡು."

ಒಂದು ಮೊಳದ ನಾರಿನ ಹಗ್ಗ ತೆಗೆದುಕೊಂಡು ಎರಡು ತುದಿಗೂ ಕುಣಿಕೆ ಹಾಕಿದೆವು. ನಾರು ಅಂಗೈ ಕೆರೆಯುತ್ತದೆಂದು ಗಿರಿಜಾ ಹಳೆಯ ಪಂಚೆಯ ತುಂಡು ಸುತ್ತಿ ಹೊಲಿದುಕೊಟ್ಟಳು. ಒಂದು ಕುಣಿಕೆ ಅವನ ಎಡಗೈಲಿ, ಇನ್ನೊಂದು ನನ್ನ ಬಲಗೈಲಿ. ಎಡಕ್ಕೆ ತಿರುಗಬೇಕಾದರೆ ಮೆಲ್ಲಗೆ ಎಳೆಯುವುದು, ಬಲಕ್ಕಾದರೆ ಮೊಣಕೈ ತಾಕಿಸುವುದು, ಗುಂಡಿ ಬಂದರೆ "ಗುಂಡಿ" ಎನ್ನುವುದು. ತಿಪಟೂರಿನ ರಸ್ತೆಗಳಲ್ಲಿ ಈ ಮೂರನೆಯದು ನನ್ನ ಗಂಟಲಿಗೆ ತುಂಬ ಕೆಲಸ ಕೊಟ್ಟಿತು. ಮೊದಮೊದಲು ಜನ ನಿಂತು ನೋಡುತ್ತಿದ್ದರು. ಆಮೇಲೆ ಅವರಿಗೂ ಸಾಕಾಯಿತು. ಎರಡು ವರ್ಷ ಹೀಗೆ ಓಡಿದೆವು. ನಾನು ನನ್ನನ್ನು ಕ್ರೀಡಾಪಟು ಎಂದು ಗುಟ್ಟಾಗಿ ಭಾವಿಸತೊಡಗಿದ್ದೂ ಆಗಲೇ.

ಈ ವರ್ಷ ಊರಿನ ಯುವಕರ ಸಂಘವೊಂದು ಹತ್ತು ಕಿಲೋಮೀಟರಿನ ಓಟ ಏರ್ಪಡಿಸಿತು. ಬಿಳಿಗೆರೆ ದಿಕ್ಕಿನಲ್ಲಿ ಐದು ಹೋಗಿ, ಐದು ಹಿಂದಕ್ಕೆ ಬರುವುದು. ಒಂದೂವರೆ ಗಂಟೆಯೊಳಗೆ ಮುಗಿಸಿದ ಎಲ್ಲರಿಗೂ ಪದಕ. ರೇಣುಕ ಹೆಸರು ಕೊಡಲು ಹೋದ. ಸಂಘದವರು ಮುಖ ಮುಖ ನೋಡಿಕೊಂಡು, ಜೊತೆಗಾರ ಇದ್ದರೆ ಸರಿ, ಇಲ್ಲದಿದ್ದರೆ ಜವಾಬ್ದಾರಿ ನಮ್ಮದಲ್ಲ ಎಂದರು. ರೇಣುಕ ನನ್ನ ಹೆಸರು ಬರೆಸಿ ಬಂದ. ನನ್ನನ್ನು ಕೇಳಲಿಲ್ಲ. ಕೇಳುವ ಅಗತ್ಯ ಅವನಿಗೆ ಕಾಣಲಿಲ್ಲ ಎಂಬುದು ನನಗೆ ಹೆಮ್ಮೆಯಾಗಿಯೇ ಇತ್ತು.

"ಪದಕ ಗಿದಕ ನನಗೆ ಬ್ಯಾಡ," ಎಂದ, ಆ ದಿನ ಏರಿಯ ಕಲ್ಲಿನ ಮೇಲೆ ಕುಳಿತು ಶೂ ದಾರ ಕಟ್ಟಿಕೊಳ್ಳುತ್ತ. "ಈ ಆರು ವರ್ಷದಲ್ಲಿ ನಾನು ಶುರು ಮಾಡಿ ನಾನೇ ಮುಗ್ಸಿದ್ದು ಅಂತ ಒಂದೂ ಇಲ್ಲ ಕಣ್ಲಾ. ಊಟ ಒಂದು ಬಿಟ್ರೆ. ಮಂಡೀಲಿ ಉಂಡೆ ಕೈಗೆ ತಗಂಡ್ರೆ, 'ನೀವ್ ಕೂತ್ಕಳಿ ರೇಣುಕಣ್ಣ, ನಾವ್ ಮಾಡ್ತೀವಿ' ಅಂತ ಕಿತ್ಕಂತಾರೆ. ಇದೊಂದು ಮುಗಿಸ್ಬೇಕು."

ಅದಾದ ವಾರಕ್ಕೆ ನನ್ನ ಕಾಲು ಮಾತಾಡಲು ಶುರುಮಾಡಿತು. ಓಟಕ್ಕೆ ಉಳಿದದ್ದು ನಾಲ್ಕು ವಾರ.

ಮೊದಲು ಅದು ನೋವು ಎನ್ನುವ ಮಟ್ಟದ್ದೇ ಅಲ್ಲ. ಎಡ ಕಣಕಾಲಿನ ಒಳಮಗ್ಗುಲಲ್ಲಿ ಯಾರೋ ಹೆಬ್ಬೆರಳಿಟ್ಟು ಒತ್ತಿದಂತೆ. ಓಡಲು ಹೊರಟಾಗ ಇರುತ್ತಿತ್ತು, ಮೈ ಬಿಸಿಯಾದ ಮೇಲೆ ಹೋಗುತ್ತಿತ್ತು, ಅಂಗಡಿಯ ಮೆಟ್ಟಿಲು ಇಳಿಯುವಾಗ ಮತ್ತೆ ಬರುತ್ತಿತ್ತು. ನಾಲ್ಕನೆಯ ದಿನ ಓಡಿದ ಮೇಲೂ ಹೋಗಲಿಲ್ಲ. ನಾನು ಯಾರಿಗೂ ಹೇಳಲಿಲ್ಲ. ರೇಣುಕನಿಗಂತೂ ಹೇಳುವ ಹಾಗೇ ಇರಲಿಲ್ಲ. ಹೇಳಿದರೆ ಅವನು ಆ ಕ್ಷಣವೇ ಹಗ್ಗ ಸುತ್ತಿ ಜೇಬಿಗಿಟ್ಟು, "ಬುಡು ಸಿದ್ಲಿಂಗ, ಓಟ ಎಲ್ಲೋಯ್ತದೆ" ಎಂದುಬಿಡುತ್ತಿದ್ದ. ಇನ್ನೊಬ್ಬ ಜೊತೆಗಾರನೂ ಇರಲಿಲ್ಲ. ಹಿಂದೊಮ್ಮೆ ನನಗೆ ಜ್ವರ ಬಂದಾಗ ಅವನ ಅಣ್ಣನ ಮಗ ಹಗ್ಗ ಹಿಡಿದಿದ್ದ. ಕರುವನ್ನು ಎಳೆದುಕೊಂಡು ಹೋದಂತೆ ಹೋಗಿ ಚಿಕ್ಕಪ್ಪನನ್ನು ನೇರ ಕೆಸರಿಗೆ ಇಳಿಸಿದ್ದ. ಜೊತೆಗೆ, ನಿಜ ಹೇಳಬೇಕೆಂದರೆ, ನನ್ನನ್ನು ಬಿಟ್ಟು ಬೇರೆ ಯಾರಿಂದಲೂ ಇದು ಸಾಧ್ಯವಿಲ್ಲ ಎನ್ನುವ ನಂಬಿಕೆ ನನಗೆ ಬಹಳ ರುಚಿಯಾಗಿತ್ತು.

ಆದ್ದರಿಂದ ಸ್ವಂತ ಬುದ್ಧಿ ಉಪಯೋಗಿಸಿದೆ. ಗಟ್ಟಿ ರಸ್ತೆಯ ಮೇಲೆ ಓಡಿದ್ದಕ್ಕೆ ತಾನೆ ನೋವು? ಮೆತ್ತನೆಯ ನೆಲ ಬೇಕು. ಮೆತ್ತನೆಯದ್ದಕ್ಕೆ ನಮ್ಮ ಸೀಮೆಯಲ್ಲಿ ಬರವೇ? ಬಿಳಿಗೆರೆಯ ನಮ್ಮ ತೋಟದಲ್ಲಿ ಸುಲಿದ ಕಾಯಿಯ ಸಿಪ್ಪೆ ಗುಡ್ಡದಂತೆ ಬಿದ್ದಿತ್ತು. ಆಳು ಇಟ್ಟು ಅದನ್ನು ತೆಂಗಿನ ಸಾಲುಗಳ ನಡುವೆ ಹರಡಿಸಿ, ಮೇಲೆ ನಾರಿನ ಪುಡಿ ಸುರಿಸಿ, ನೀರು ಚಿಮುಕಿಸಿ, ಇನ್ನೂರು ಹೆಜ್ಜೆಯ ಓಟದ ಹಾದಿ ಸಿದ್ಧಮಾಡಿದೆ. ಜಗತ್ತಿನಲ್ಲೇ ಮೊದಲ ತೆಂಗಿನ ಸಿಪ್ಪೆಯ ಓಟದ ಹಾದಿ ಎಂದು ಮನಸ್ಸಿನಲ್ಲೇ ಉದ್ಘಾಟನೆಯನ್ನೂ ಮಾಡಿದೆ. ರೇಣುಕನಿಗೆ ಅಂಗಡಿಗೆ ಮಾಲು ಬರುತ್ತದೆಂದು ಸುಳ್ಳು ಹೇಳಿ, ಐದು ದಿನ ಒಬ್ಬನೇ ಅದರ ಮೇಲೆ ಓಡಿದೆ. ಕಾಲಿಟ್ಟರೆ ಹಾಸಿಗೆ ಹಾಗೆ ಒಳಗಿಳಿಯುತ್ತಿತ್ತು. ಒಂದು ಹೆಜ್ಜೆ ಅತ್ತ ವಾಲಿದರೆ ಇನ್ನೊಂದು ಇತ್ತ. ಕಾಲು ಕಿತ್ತು ಕಿತ್ತು ಇಡುವಷ್ಟರಲ್ಲಿ ಮೀನಖಂಡ ಬಿಗಿದು ಹಗ್ಗವಾಗುತ್ತಿತ್ತು. ಆರನೆಯ ದಿನ ಹಾಸಿಗೆಯಿಂದ ಇಳಿದು ಕಾಲೂರಿದವನು ಮತ್ತೆ ಹಾಸಿಗೆಯ ಮೇಲೇ ಕುಳಿತೆ.

"ಏನಾಯ್ತ್ರೀ?" ಎಂದಳು ಗಿರಿಜಾ.

"ಏನಿಲ್ಲ. ಯೋಚನೆ ಮಾಡ್ತಿದೀನಿ."

"ಕಾಲು ಹಿಡ್ಕಂಡು?"

ಅವಳು ಕೊಬ್ಬರಿ ಎಣ್ಣೆಗೆ ಕರ್ಪೂರ ಹಾಕಿ ಕಾಯಿಸಿ ತಂದಳು. ಆ ಎಣ್ಣೆಯ ಮೇಲೆ ನಮ್ಮ ಮನೆಯಲ್ಲಿ ಮೂರು ತಲೆಮಾರಿನ ನಂಬಿಕೆ. ನನ್ನ ಕಣಕಾಲು ನಾಸ್ತಿಕವಾಗಿತ್ತು. ಉಜ್ಜಿದಷ್ಟೂ ಉರಿಯಿತು. ಸಂಜೆ ಅವಳೇ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಫಿಸಿಯೋಥೆರಪಿಯ ಹುಡುಗಿಯ ಹತ್ತಿರ ಕರೆದುಕೊಂಡು ಹೋದಳು.

ಆ ಡಾಕ್ಟರಮ್ಮನಿಗೆ ಇಪ್ಪತ್ತಾರೋ ಇಪ್ಪತ್ತೇಳೋ. ನನ್ನ ಕಾಲನ್ನು ಸ್ಟೂಲಿನ ಮೇಲೆ ಇರಿಸಿಕೊಂಡು, "ಎಲ್ಲಿ ನೋವು ಅಂತ ನೀವೇ ಬೆರಳಿಟ್ಟು ತೋರಿಸಿ ಅಂಕಲ್" ಎಂದಳು. ನಾನು ಅಂಗೈಯಿಂದ ಮೂಳೆಯ ಉದ್ದಕ್ಕೂ ಸವರಿ ತೋರಿಸಿದೆ.

"ಒಳ್ಳೇದು," ಎಂದಳು.

"ಇಷ್ಟುದ್ದ ನೋಯ್ತಿದೆ, ಒಳ್ಳೇದಾ?"

"ಉದ್ದಕ್ಕೂ ನೋವಿದ್ರೆ ಮೂಳೆ ಮೇಲಿನ ಪೊರೆಗೂ ಸ್ನಾಯುಗೂ ಜಗ್ಗಾಟ ಆಗಿದೆ ಅಂತ. ರೆಸ್ಟ್ ಕೊಟ್ರೆ ಹೋಗುತ್ತೆ. ಒಂದೇ ಜಾಗದಲ್ಲಿ, ಒಂದು ರೂಪಾಯಿ ನಾಣ್ಯದಷ್ಟು ಅಗಲದಲ್ಲಿ ಚುಚ್ಚಿದ ಹಾಗೆ ನೋವು ಬಂದ್ರೆ ಮೂಳೇಲಿ ಸಣ್ಣ ಸೀಳು ಬಿಡ್ತಿದೆ ಅಂತ. ಆಗ ಒಂದು ಹೆಜ್ಜೆನೂ ಓಡಬಾರದು." ಆಮೇಲೆ, ನಾನು ಮಾಡಿದ್ದನ್ನೆಲ್ಲ ಕೇಳಿ, "ಸಿಪ್ಪೆ ಮೇಲಾ?" ಎಂದು ನೋಟ್ ಪುಸ್ತಕದ ಮರೆಯಲ್ಲಿ ನಕ್ಕಳು. "ಮೆತ್ತಗಿದ್ರೆ ಸಾಲ್ದು ಅಂಕಲ್, ಸಮ ಇರ್ಬೇಕು."

ಓಟಕ್ಕೆ ಎರಡು ವಾರವಿತ್ತು. ಅವಳು ಹೇಳಿದ್ದು ಎರಡು ವಾರ ಪೂರ್ತಿ ವಿಶ್ರಾಂತಿ, ಆಮೇಲೆ ಸ್ವಲ್ಪ ಸ್ವಲ್ಪವಾಗಿ ನಡಿಗೆ. ನಾನು ತಲೆಯಾಡಿಸಿದೆ. ಕಾಗದದ ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ, ಅಂಚು ಹರಿದು, ಹೊರಬಂದ ಐಸಿನಿಂದ ದಿನಕ್ಕೆ ಮೂರು ಸಲ ಉಜ್ಜಿಕೊಳ್ಳಿ ಎಂದಳು. ತೆಂಗಿನ ಸೀಮೆಯವನು ಚಿಪ್ಪಿರುವಾಗ ಕಾಗದದ ಲೋಟ ಕೊಳ್ಳುವುದೇ? ಚಿಪ್ಪಿನಲ್ಲೇ ನೀರಿಟ್ಟೆ. ಚಿಪ್ಪಿನ ಅಂಚನ್ನು ಹರಿಯುವ ಗಂಡಸು ಇನ್ನೂ ಹುಟ್ಟಿಲ್ಲ ಎಂಬುದು ಹೊಳೆದದ್ದು ಐಸು ಗಟ್ಟಿಯಾದ ಮೇಲೆ. ತಲೆಕೆಳಗೆ ಹಿಡಿದು ಉಜ್ಜಿಕೊಂಡರೆ ಐಸಿಗಿಂತ ಹೆಚ್ಚಾಗಿ ಅಂಚೇ ತಾಗುತ್ತಿತ್ತು. ಹಾಗೂ ಬಿಡಲಿಲ್ಲ.

ಹನ್ನೊಂದು ತಿಂಗಳು ಕಾಯಿಯನ್ನು ಮುಟ್ಟದೆ ಕಾಯುವ ವಂಶದವನು ನಾನು. ಹದಿನಾಲ್ಕು ದಿನ ನನ್ನ ಸ್ವಂತ ಕಾಲನ್ನು ಸುಮ್ಮನೆ ಬಿಡಲಾಗಲಿಲ್ಲ. ಬೆಳಿಗ್ಗೆ ಎದ್ದ ಕೂಡಲೇ ಹೆಬ್ಬೆರಳಿನಿಂದ ಮೂಳೆಯ ಉದ್ದಕ್ಕೂ ಒತ್ತಿ ನೋಡುತ್ತಿದ್ದೆ. ಹರಡಿದೆಯೋ, ಒಂದೇ ಜಾಗಕ್ಕೆ ಬಂದಿದೆಯೋ? ಒತ್ತಿ ಒತ್ತಿ ಅದಕ್ಕೇ ನೋವಾಗಿದೆಯೋ? ಅಂಗಡಿಯಲ್ಲಿ ಗಿರಾಕಿ ಬೇರಿಂಗ್ ಕೇಳಿದರೆ ಬೆರಳು ಕೌಂಟರಿನ ಕೆಳಗೆ ಕಾಲಿನ ಮೇಲಿರುತ್ತಿತ್ತು. ಏಳನೆಯ ದಿನ ಸ್ವಲ್ಪ ಕಡಿಮೆ ಅನಿಸಿತು. ಎಂಟನೆಯ ದಿನ ರೇಣುಕನ ಜೊತೆ ಕೆರೆ ಏರಿಗೆ ಹೋದೆ.

"ಬಂತಾ ಮಾಲು?" ಎಂದ.

"ಬಂತು."

"ಯಾವ ಮಾಲ್ಲಾ ಅದು, ಎರಡು ವಾರ ಇಳಿಸೋ ಅಂಥದು?" ಎಂದು ಕೇಳಿ ಕುಣಿಕೆಗೆ ಕೈ ಹಾಕಿದ. ಅಂದು ಮೆಲ್ಲಗೆ ಓಡಿದೆವು. ನೋವು ಇತ್ತು, ಆದರೆ ಉದ್ದಕ್ಕೂ ಇತ್ತು. ಉದ್ದಕ್ಕೂ ಇರುವ ನೋವು ಒಂದು ವರ ಎಂದು ಭಾವಿಸುವ ಸ್ಥಿತಿಗೆ ನಾನು ಬಂದಿದ್ದೆ.

ಓಟದ ಭಾನುವಾರ ಬೆಳಿಗ್ಗೆ ಆರೂವರೆಗೆ ಮೈದಾನದಲ್ಲಿ ಇನ್ನೂರು ಜನ. ಸಂಘದ ಹುಡುಗ ಮೈಕಿನಲ್ಲಿ ರೇಣುಕನ ಹೆಸರು ಹೇಳಿದಾಗ ಚಪ್ಪಾಳೆ ಬಿತ್ತು. ರೇಣುಕ ಚಪ್ಪಾಳೆ ಬಂದ ದಿಕ್ಕಿಗೆ ತಿರುಗಿ ಕೈಮುಗಿದ. ನಾನು ಆ ಹೊತ್ತಿನಲ್ಲಿ ಬಗ್ಗಿ, ಶೂ ದಾರ ಬಿಗಿಯುವ ನೆಪದಲ್ಲಿ ಹೆಬ್ಬೆರಳಿಟ್ಟು ಒತ್ತಿ ನೋಡಿಕೊಂಡೆ. ಉದ್ದಕ್ಕೂ ಇತ್ತು. ಎದ್ದು ನಿಂತರೆ ಪಕ್ಕದಲ್ಲಿ ಟ್ರ್ಯಾಕ್ ಪ್ಯಾಂಟು ಹಾಕಿದ ಒಬ್ಬ ಹೆಂಗಸು ನಮ್ಮ ಹಗ್ಗವನ್ನೇ ನೋಡುತ್ತಿದ್ದರು. ತುರುವೇಕೆರೆ ಕಡೆ ಶಾಲೆಯೊಂದರಲ್ಲಿ ಪಿ.ಟಿ. ಟೀಚರಂತೆ, ಹೆಸರು ಲತಾ. ಹಗ್ಗದ ಭಾಷೆ ಹೇಗೆ ಎಂದು ಕೇಳಿದರು. ರೇಣುಕ ಉತ್ಸಾಹದಿಂದ ಎಲ್ಲ ವಿವರಿಸಿದ. ಅಷ್ಟರಲ್ಲಿ ಸೀಟಿ ಊದಿದರು.

ಮೊದಲ ಎರಡು ಕಿಲೋಮೀಟರು ಚೆನ್ನಾಗಿಯೇ ಹೋಯಿತು. ಹೊರಡುವ ಮುಂಚೆ ನುಂಗಿದ್ದ ನೋವಿನ ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು. ಎರಡು ಕಡೆಯೂ ತೋಟ, ರಸ್ತೆಗೆ ಗರಿಗಳ ನೆರಳು. "ಗುಂಡಿ." "ಎಡಕ್ಕೆ." "ನಾಯಿ ಮಲಗೈತೆ, ಬಲಕ್ಕೆ ಬಾ." ಮೂರರ ಹೊತ್ತಿಗೆ ಎಡಗಾಲು ಇದೆ ಎನ್ನುವುದು ತಿಳಿಯತೊಡಗಿತು. ಐದರಲ್ಲಿ ತಿರುಗಿದಾಗ ಗಡಿಯಾರ ನೋಡಿದೆ: ನಲವತ್ತೈದು ನಿಮಿಷ. ಸರಿಯಾಗಿ ಅರ್ಧ. ಒಂದು ನಿಮಿಷವೂ ಮಿಕ್ಕಿರಲಿಲ್ಲ. ಇದೇ ವೇಗ ಇಟ್ಟರೆ ಪದಕ, ತಪ್ಪಿದರೆ ಇಲ್ಲ.

ಆರನೇ ಕಿಲೋಮೀಟರಿನಲ್ಲಿ ನೋವು ಕಿರಿದಾಗತೊಡಗಿತು. ಅದನ್ನು ಹೇಗೆ ಹೇಳಲಿ? ಒಂದು ಮೊಳ ಉದ್ದ ಇದ್ದದ್ದು ಗೇಣಾಯಿತು. ಗೇಣು ನಾಲ್ಕು ಬೆರಳಾಯಿತು. ಪ್ರತಿ ಹೆಜ್ಜೆಗೂ ಅದು ಎಲ್ಲಿಂದಲೋ ಸರಿದು ಬಂದು ಒಂದು ಕಡೆ ಸೇರುತ್ತಿತ್ತು. ನಾನು ಮನಸ್ಸಿನಲ್ಲೇ ಅದಕ್ಕೆ ಹರಡಿಕೋ, ಹರಡಿಕೋ ಎಂದು ಬೇಡುತ್ತಿದ್ದೆ. ಆರೂವರೆ ಕಿಲೋಮೀಟರು ದಾಟುವಾಗ ಅದು ಒಂದು ರೂಪಾಯಿ ನಾಣ್ಯದಷ್ಟಾಗಿ ನಿಂತಿತು. ಬೆವರು ತಣ್ಣಗಾಯಿತು. ನಿಂತರೆ ಅವನ ಓಟ ಮುಗಿಯಿತು, ನಿಲ್ಲದಿದ್ದರೆ ನನ್ನ ಕಾಲು. ನಾನು ಲೆಕ್ಕ ಹಾಕಿದ್ದು ಇನ್ನು ಎಷ್ಟು ಹೆಜ್ಜೆ ಎಂದು ಮಾತ್ರ.

ಹಗ್ಗ ಥಟ್ಟನೆ ಬಿಗಿಯಿತು. ರೇಣುಕ ನಿಂತಿದ್ದ.

"ನಿನ್ನ ಎಡಗಾಲಿಗೆ ಏನಾಗೈತೆ?"

"ಏನೂ ಆಗಿಲ್ಲ. ನಡಿ, ಟೈಮ್ ಹೋಯ್ತದೆ."

"ಬಲಗಾಲು ಧಡ್ ಅಂತದೆ. ಎಡಗಾಲು ತಾಕ್ದಂಗೆ ತಾಕಿ ಓಡೋಯ್ತದೆ. ನೆಲ ಮುಟ್ಟಕ್ಕೇ ಹೆದರ್ತದೆ. ನನಗೆ ಕೇಳಲ್ಲ ಅಂದ್ಕಂಡಾ? ಎಷ್ಟು ದಿನದಿಂದ?"

"ಇವತ್ತೇ ಕಣ್ಲಾ, ಈಗ..."

"ಸಿದ್ಲಿಂಗ."

"ನಾಲ್ಕು ವಾರ."

ಅವನು ಕುಣಿಕೆಯಿಂದ ಕೈ ತೆಗೆದ. ಎರಡು ವರ್ಷದಲ್ಲಿ ರಸ್ತೆಯ ಮಧ್ಯೆ ಅವನು ಹಾಗೆ ಮಾಡಿದ್ದು ಅದೇ ಮೊದಲು. ಓಡುವವರು ಎರಡು ಕಡೆಯಿಂದಲೂ ಹಾದುಹೋಗುತ್ತಿದ್ದರು. ಅವನು ಏನನ್ನೂ ಹಿಡಿದುಕೊಳ್ಳದೆ, ಕೈ ಇಳಿಬಿಟ್ಟು ನಿಂತಿದ್ದ.

"ಮಾಲು ಬಂತು ಅಂದೆ."

"ಹೇಳಿದ್ರೆ ನೀನು ಬರ್ತಾನೇ ಇರ್ಲಿಲ್ಲ."

"ಹೂಂ, ಬರ್ತಿರ್ಲಿಲ್ಲ. ಬರೋದು ಬಿಡೋದು ನನಗೆ ಬಿಟ್ಟಿದ್ದಲ್ವೇನ್ಲಾ? ಆರು ವರ್ಷದಿಂದ ಊರೋರೆಲ್ಲ ನನಗೆ ಹೇಳ್ದಂಗೆ ನನಗೆ ಒಳ್ಳೇದು ಮಾಡ್ತಾ ಅವ್ರೆ. ನೀನೊಬ್ಬ ಆಚೆ ಇದೀಯ ಅಂದ್ಕಂಡಿದ್ದೆ."

ಗಡಿಯಾರ ನೋಡಿದೆ. ಒಂದು ಗಂಟೆ ಮುಗಿದಿತ್ತು. ಅವನು ಕಾಲಿನಿಂದ ರಸ್ತೆಯ ಅಂಚು ತಡಕಿ, ಅಲ್ಲೇ ಕೂರಲು ಬಗ್ಗಿದ.

"ಕೂರಬೇಡಿ ಸರ್." ಹಿಂದಿನಿಂದ ಲತಾ ಟೀಚರ್ ಬಂದು ನಿಂತರು. ನನ್ನತ್ತ ತಿರುಗಿ, "ನಿಮ್ಮ ಕಾಲನ್ನ ಮೂರನೇ ಕಿಲೋಮೀಟರಿಂದ ನೋಡ್ಕಂಡೇ ಬರ್ತಾ ಇದೀನಿ. ಹೋದ ವರ್ಷ ನನಗೂ ಇದೇ ಆಗಿತ್ತು. ಹಟ ಮಾಡಿ ಓಡಿ ಮುಗಿಸ್ದೆ. ಆಮೇಲೆ ಮೂರು ತಿಂಗಳು ಕುರ್ಚಿ ಮೇಲೆ ಕೂತು ಮಕ್ಕಳಿಗೆ ಡ್ರಿಲ್ ಮಾಡಿಸ್ದೆ. ಕೊಡಿ ಹಗ್ಗ."

"ನಿಮಗೆ ಅಭ್ಯಾಸ ಇಲ್ಲ ಮೇಡಂ," ಎಂದೆ. ನನ್ನ ಬಾಯಿಂದ ಬಂದ ಮೊದಲ ಮಾತು ಅದು ಎಂಬುದನ್ನು ಇಲ್ಲಿ ನಾಚಿಕೆಯಿಂದ ದಾಖಲಿಸುತ್ತೇನೆ.

"ಎಡಕ್ಕೆ ಎಳೀಬೇಕು, ಬಲಕ್ಕೆ ಮೊಣಕೈ, ಗುಂಡಿಗೆ ಗುಂಡಿ. ಅಷ್ಟೇ ತಾನೆ?"

ರೇಣುಕನಿಗೆ ಅದು ಬೆಳಿಗ್ಗೆಯಷ್ಟೇ ಕೇಳಿದ ದನಿ, ಗುರುತಿಲ್ಲದ ಹೆಜ್ಜೆ. ಅವನ ಎಡಗೈ ಗಾಳಿಯಲ್ಲಿ ಸ್ವಲ್ಪ ಮೇಲೆದ್ದು ಅಲ್ಲೇ ನಿಂತಿತು. ಕೆರೆ ಏರಿಯ ಮೇಲೆ ಮೊದಲ ದಿನ ಹಗ್ಗ ಹಿಡಿಯುವಾಗಲೂ ಅದು ಹಾಗೆ ತಡೆದು ನಿಂತಿರಲಿಲ್ಲ.

"ಹೋಗ್ತೀಯಾ?" ಎಂದು ಕೇಳಿದೆ. ಅವನನ್ನು ಕೇಳಿ ಮಾಡಿದ ಮೊದಲ ಕೆಲಸ ಅದೇ ಇರಬೇಕು.

"ಎಷ್ಟು ಹೊತ್ತೈತೆ?"

"ಇಪ್ಪತ್ತಾರು ನಿಮಿಷ. ಮೂರೂವರೆ ಕಿಲೋಮೀಟರ್."

"ನೀನು?"

"ನಾನು ಇಲ್ಲೇ ನಿಂತಿರ್ತೀನಿ. ಆಣೆಗೂ ಓಡಲ್ಲ."

ಒಂದು ಕುಣಿಕೆಯನ್ನು ಅವನ ಕೈಗೆ, ಇನ್ನೊಂದನ್ನು ಟೀಚರ ಕೈಗೆ ಕೊಟ್ಟೆ. ಕೊಟ್ಟವನು ಸುಮ್ಮನಿರಬೇಕು ತಾನೆ? "ಮೇಡಂ, ಮುಂದೆ ಒಂದು ಮೋರಿ ಬರ್ತದೆ, ಅಲ್ಲಿ ರಸ್ತೆ ಇಳಿಜಾರು, ಆಮೇಲೆ ಹಂಪು, ಅವನಿಗೆ ಬಾಯಾರಿದ್ರೆ ಹೇಳಲ್ಲ, ನೀವೇ..."

"ಬಾಯ್ ಮುಚ್ಲಾ, ಟೈಮ್ ಹೋಯ್ತದೆ!" ಎಂದ ರೇಣುಕ. ಇಬ್ಬರೂ ಹೊರಟೇಬಿಟ್ಟರು.

ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನೋಡುತ್ತ ನಿಂತೆ. ಮೊದಲ ಇಪ್ಪತ್ತು ಹೆಜ್ಜೆ ಇಬ್ಬರೂ ತಡವರಿಸಿದರು. ಒಮ್ಮೆ ಅವನ ಕಾಲು ಮಣ್ಣಿಗಿಳಿಯಿತು. ನನ್ನ ಬಾಯಿ "ಎಡಕ್ಕೆ" ಎಂದು ಕೂಗಲು ತೆರೆದದ್ದನ್ನು ನಾನೇ ಕೈಯಿಂದ ಮುಚ್ಚಿಕೊಂಡೆ. ಆಮೇಲೆ ಹೆಜ್ಜೆಗೆ ಹೆಜ್ಜೆ ಕೂಡಿತು. ಆಮೇಲೆ ನೋಡಿದ್ದು ಮಾತ್ರ ನನ್ನ ಕಣ್ಣಿಗೆ ಸ್ವಲ್ಪ ಕಷ್ಟವಾಯಿತು. ರೇಣುಕ ಉದ್ದುದ್ದ ಕಾಲು ಹಾಕುತ್ತಿದ್ದ. ನನ್ನ ಜೊತೆ ಓಡುವಾಗ ಅವನು ಅಷ್ಟು ಉದ್ದ ಹೆಜ್ಜೆ ಎಂದೂ ಇಟ್ಟಿರಲಿಲ್ಲ. ಅವನನ್ನು ಎರಡು ವರ್ಷದಿಂದ ನಡೆಸಿಕೊಂಡು ಬಂದವನು ನಾನು ಎಂದುಕೊಂಡಿದ್ದೆ. ನನ್ನ ಉಸಿರಿನ ಸದ್ದು ಕೇಳಿಕೊಂಡು, ಅದಕ್ಕೆ ತಕ್ಕ ಹಾಗೆ ತನ್ನ ಕಾಲನ್ನು ಬಿಗಿಹಿಡಿದುಕೊಂಡು ಬಂದವನು ಅವನು. ತಿರುವಿನಲ್ಲಿ ಇಬ್ಬರೂ ಮರೆಯಾದರು.

ಓಟಕ್ಕೆಂದು ರಸ್ತೆಯಲ್ಲಿ ವಾಹನ ತಡೆದಿದ್ದರು. ಹತ್ತು ನಿಮಿಷ ಒಂದು ಗಾಡಿಯೂ ಇಲ್ಲ. ಹದಿನೈದು ನಿಮಿಷ. ಕೊನೆಯಲ್ಲಿ ನಡೆದು ಬರುತ್ತಿದ್ದವರೂ ನನ್ನನ್ನು ಕನಿಕರದಿಂದ ನೋಡಿಕೊಂಡು ಮುಂದೆ ಹೋದರು. ಇಪ್ಪತ್ತನೆಯ ನಿಮಿಷಕ್ಕೆ ಕಾಯಿ ತುಂಬಿದ ಲಗೇಜ್ ಆಟೋ ಒಂದು ತೋಟದ ಹಾದಿಯಿಂದ ಹೊರಬಂತು. ಕೈ ಅಡ್ಡ ಹಿಡಿದು ನಿಲ್ಲಿಸಿದೆ. ಮುಂದೆ ಜಾಗವಿರಲಿಲ್ಲ, ಹಿಂದೆ ಕಾಯಿಗಳ ಮೇಲೆ ಹತ್ತಿ ಕುಳಿತೆ. ಡ್ರೈವರು ನಡೆಯುವವರ ಹಿಂದೆ ಹಾರ್ನ್ ಹಾಕಲು ಸಂಕೋಚಪಟ್ಟು ಮದುವೆ ದಿಬ್ಬಣದಂತೆ ಸಾಗಿದ. ಗಡಿಯಾರ ನೋಡುವುದು ಬೇಡವೆಂದುಕೊಂಡು ಪ್ರತಿ ವಿದ್ಯುತ್ ಕಂಬಕ್ಕೂ ನೋಡುತ್ತಿದ್ದೆ. ಎಂಬತ್ತೈದು ನಿಮಿಷ. ಎಂಬತ್ತೆಂಟು. ತೊಂಬತ್ತು. ಮೈದಾನ ಇನ್ನೂ ಕಂಡಿರಲಿಲ್ಲ. ಮೋರಿಯ 'ಹಂಪು' ಬಂದಾಗ ಕಾಯಿಗಳೆಲ್ಲ ಎಡಕ್ಕೆ ಹೊರಳಿ ನನ್ನ ಕಣಕಾಲಿನ ಮೇಲೆ ಬಂದು ಕುಳಿತವು. (ಮಾರನೆಯ ದಿನದ ಸ್ಕ್ಯಾನಿನಲ್ಲಿ ಸೀಳು ಬಿಟ್ಟಿರಲಿಲ್ಲ, ಬಿಡುವ ಹೊಸ್ತಿಲಲ್ಲಿತ್ತಂತೆ. ಆರು ವಾರ ಓಟ ಬಂದ್. ಆ ಡಾಕ್ಟರಮ್ಮ ನನ್ನನ್ನು ಬೈಯಲಿಲ್ಲ. ಗಿರಿಜಾ ಜೊತೆಗೆ ಬಂದಿದ್ದರಿಂದ ಅದರ ಅಗತ್ಯ ಬೀಳಲಿಲ್ಲ.)

ಆಟೋ ಮೈದಾನದ ಗೇಟಿನ ಬಳಿ ನಿಂತಾಗ ಶಾಮಿಯಾನದ ಕೆಳಗೆ ಜನ ಉಪ್ಪಿಟ್ಟು ತಿನ್ನುತ್ತಿದ್ದರು. ಕುಂಟುತ್ತ ಒಳಗೆ ಹೋದೆ. ರೇಣುಕ ಒಂದು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದ. ಅಂಗಿ ಮೈಗಂಟಿತ್ತು. ಕೊರಳಲ್ಲಿ ನೀಲಿ ರಿಬ್ಬನ್ನಿನ ಪದಕ. ಪಕ್ಕದಲ್ಲಿ ಲತಾ ಟೀಚರ್ ನೀರು ಕುಡಿಯುತ್ತ ನಿಂತಿದ್ದರು. ನನ್ನನ್ನು ಕಂಡು ಎರಡು ಬೆರಳು ಎತ್ತಿ ತೋರಿಸಿದರು. ಎರಡು ನಿಮಿಷ ಉಳಿದಿತ್ತಂತೆ.

"ಸಿದ್ಲಿಂಗ, ಬಂದ್ಯಾ?"

"ಇಲ್ಲೇ ಇದೀನಿ ಕಣ್ಲಾ."

"ಮುಗಿಸ್ದೆ."

"ನೋಡಿದ್ನಲ್ಲ," ಎಂದೆ. ಯಾಕೆ ಹಾಗೆ ಹೇಳಿದೆನೋ ಗೊತ್ತಿಲ್ಲ. ಅವನು ಮುಗಿಸುವಾಗ ನೋಡಲು ತನ್ನವರೆಂದು ಒಬ್ಬರೂ ಅಲ್ಲಿರಲಿಲ್ಲ ಎನ್ನುವುದನ್ನು ಒಪ್ಪಿಕೊಳ್ಳಲು ನನ್ನಿಂದಾಗಲಿಲ್ಲ. ಲತಾ ಟೀಚರ್ ನೀರಿನ ಬಾಟಲಿಯನ್ನು ಬಾಯಿಂದ ಇಳಿಸಿ ನನ್ನನ್ನು ನೋಡಿದರು.

ರೇಣುಕ ಕುರ್ಚಿಯಲ್ಲಿ ಮುಂದಕ್ಕೆ ಬಾಗಿದ. "ಹೆಂಗಿತ್ಲಾ ನೋಡಕ್ಕೆ?"

ಇನ್ನು ಹಿಂದೆ ಸರಿಯುವಂತಿರಲಿಲ್ಲ. ಹೇಳಿದೆ. ಗೇಟಿನಿಂದ ಒಳಗೆ ಬಂದಾಗ ಅವನ ತಲೆ ನೆಟ್ಟಗಿದ್ದದ್ದು, ಎರಡು ಕಡೆಯೂ ಜನ ಎದ್ದು ನಿಂತದ್ದು, ಮೈಕಿನ ಹುಡುಗ ಹೆಸರು ಕೂಗಲು ಹೋಗಿ ದನಿ ಒಡೆದದ್ದು, ಗೆರೆ ದಾಟುವಾಗ ಅವನು ಬಲಗೈ ಮೇಲಕ್ಕೆತ್ತಿದ್ದು, ಮುಂದಿನ ಸಾಲಿನಲ್ಲಿ ಮಂಡಿಯ ನಾಲ್ಕು ಜನ ಬಾಯಿಬಿಟ್ಟುಕೊಂಡು ನಿಂತಿದ್ದದ್ದು. ಅವನು ಒಂದೊಂದು ಮಾತಿಗೂ ತಲೆಯಾಡಿಸುತ್ತ, ಮುಖ ಮೇಲೆತ್ತಿ ಪೂರ್ತಿ ಕೇಳಿದ.

"ಆ ಲಗೇಜ್ ಆಟೋ ಈಗ ತಾನೆ ನಿಂತಿದ್ದು ಕೇಳಿಸ್ತು ಕಣ್ಲಾ," ಎಂದ. "ನಿನ್ನ ಕುಂಟುಗಾಲು ಅದ್ರಿಂದ ಇಳಿದಿದ್ದೂ ಕೇಳಿಸ್ತು."

ನನ್ನ ಕಿವಿ ಬಿಸಿಯಾಯಿತು. ಟೀಚರ್ ಬೇರೆ ಕಡೆ ತಿರುಗಿಕೊಂಡರು.

"ಪರ್ವಾಗಿಲ್ಲ ಬುಡು," ಎಂದು ಪಕ್ಕದ ಕುರ್ಚಿಯನ್ನು ಕೈಯಿಂದ ತಡಕಿ ನನ್ನತ್ತ ಎಳೆದ. "ಕೂತ್ಕಂಡು ಇನ್ನೊಂದ್ಸಲ ಹೇಳು."

ಕೂತುಕೊಂಡು ಹೇಳಿದೆ. ಎರಡನೆಯ ಸಲ ಜನ ಇನ್ನೂ ಹೆಚ್ಚಾಗಿದ್ದರು.